ಡ್ರಮ್ಮರ್‌ಗೆ 10% ಮಾತ್ರ ಯಾಕೆ?
ನಾಲ್ಕು ಜನರ ಬ್ಯಾಂಡಿನಲ್ಲಿ ಡ್ರಮ್ಸ್ ಬಾರಿಸುವ ನಿಮಗೆ ಗಳಿಕೆಯಲ್ಲಿ 10% ಮಾತ್ರ ಸಿಗುತ್ತಿರುವುದಕ್ಕೆ ಕಾರಣ, ಬಹುಶಃ ಪಾಲಿನ ಬಗ್ಗೆ ಬರವಣಿಗೆಯಲ್ಲಿ ಏನೂ ಇಲ್ಲದಿರುವುದು. ಇಂಗ್ಲೆಂಡಿನ ದಿ ಸ್ಮಿತ್ಸ್ ಅನ್ನೋ ರಾಕ್ ಬ್ಯಾಂಡಿನಲ್ಲೂ ಇದೇ ಜಗಳ. ಗಾಯಕ ಮಾರಿಸ್ಸಿ, ಗಿಟಾರಿಸ್ಟ್ ಜಾನಿ ಮಾರ್ ತಲಾ 40% ತಗೊಂಡು ಉಳಿದಿಬ್ಬರಿಗೆ ತಲಾ 10% ಕೊಟ್ಟರು. ಡ್ರಮ್ಮರ್ ಮೈಕ್ ಜಾಯ್ಸ್ ಕೋರ್ಟಿಗೆ ಹೋಗಿ 1996ರಲ್ಲಿ 25% ಗೆದ್ದರು. ಬೇಸ್ ಗಿಟಾರ್ ನುಡಿಸುತ್ತಿದ್ದವರು ಮೊದಲೇ 83,000 ಪೌಂಡಿಗೆ ರಾಜಿಯಾಗಿಬಿಟ್ಟಿದ್ದರು, ಪಾಪ. ಆದರೆ ಗೆದ್ದದ್ದು ರೆಕಾರ್ಡಿಂಗ್, ಶೋ ದುಡ್ಡಿನಲ್ಲಿ. ಹಾಡು ಬರೆದವರ ರಾಯಲ್ಟಿಯಲ್ಲಲ್ಲ.

ಮೊದಲು ನಿಮ್ಮ ಬ್ಯಾಂಡಿನಲ್ಲೂ ರೆಕಾರ್ಡಿಂಗ್-ಶೋ ದುಡ್ಡು, ಹಾಡು ಬರೆದವರ ರಾಯಲ್ಟಿ, ಈ ಎರಡರ ಲೆಕ್ಕ ಬೇರೆ ಬೇರೆ ಕೇಳಿ. ಆಮೇಲೆ 10%ಗೆ ನೀವು "ಓಕೆ" ಅಂದಿರುವ ಹಳೇ ವಾಟ್ಸಾಪ್ ಮೆಸೇಜ್ ಇದೆಯಾ ಹುಡುಕಿ. ಇದ್ದರೆ ಕಷ್ಟ. ಇಲ್ಲದಿದ್ದರೆ, ನಮ್ಮ 1932ರ ಪಾಲುದಾರಿಕೆ ಕಾಯ್ದೆಯ 13ನೇ ಸೆಕ್ಷನ್ ಪ್ರಕಾರ ಲಾಭ ಸಮಪಾಲು. ನಿಮ್ಮದು ಪಾಲುದಾರಿಕೆ ಅನಿಸಿಕೊಳ್ಳುತ್ತದಾ ಅಂತ ವಕೀಲರೇ ನೋಡಿ ಹೇಳಬೇಕು. ಅಲ್ಲಿವರೆಗೆ ಯಾವುದಕ್ಕೂ ಸಹಿ ಹಾಕಬೇಡಿ.