ಏಳನೇ ಸ್ವಿಚ್ ದಾಟಿದ ಮೇಲೆ

ಪ್ರಶ್ನೆ: ನಮ್ಮ ತೋಟ ಇರೋದು ತೀರ್ಥಹಳ್ಳಿ–ಆಗುಂಬೆ ನಡುವೆ. ಮನೆ, ಹೋಂಸ್ಟೇ, ಅಡಿಕೆ ಶೆಡ್, ಪಂಪ್‌ಹೌಸ್, ಗೇಟಿನ ಕ್ಯಾಮೆರಾ, ಹೀಗೆ ಅಲ್ಲಲ್ಲಿ ಒಟ್ಟು 14 ನೆಟ್‌ವರ್ಕ್ ಸ್ವಿಚ್ ಇವೆ. ಮಳೆಗಾಲದಲ್ಲಿ ಮರ ಬಿದ್ದು ಫೈಬರ್ ತುಂಡಾಗುತ್ತೆ ಅಂತ ಕೊನೆಯ ತುದಿಯನ್ನು ಮನೆಗೇ ತಂದು ಉಂಗುರದ ಹಾಗೆ ಸೇರಿಸಿದ್ದೇವೆ. ಆದರೂ ಎಲ್ಲಾದರೂ ತುಂಡಾದರೆ ಮುಕ್ಕಾಲು ನಿಮಿಷ ಅರ್ಧ ತೋಟದ ಕ್ಯಾಮೆರಾ ಕಪ್ಪು. ಶಿವಮೊಗ್ಗದಿಂದ ಬಂದ ಹುಡುಗ ‘ಏಳಕ್ಕಿಂತ ಜಾಸ್ತಿ ಸ್ವಿಚ್ ಹಾಕೋ ಹಾಗಿಲ್ಲ’ ಅಂದ. ನಿಜವಾ? ಸ್ವಿಚ್ಚಿನ ಸೆಟ್ಟಿಂಗಿನಲ್ಲಿರೋ ಮ್ಯಾಕ್ಸ್ ಏಜ್ ಅನ್ನೋದನ್ನ 40 ಮಾಡಿದರೆ ಸರಿಹೋಗುತ್ತಾ?

ಉತ್ತರ: ಹುಡುಗ ಹೇಳಿದ್ದು ಅರ್ಧ ನಿಜ. ಏಳು ಅನ್ನೋದು ಕಾನೂನಲ್ಲ, ಒಂದು ಲೆಕ್ಕದಿಂದ ಬಂದ ಸಂಖ್ಯೆ. ಆ ಲೆಕ್ಕ ಗೊತ್ತಾದರೆ 40ರ ಪ್ರಶ್ನೆಗೂ ಉತ್ತರ ಸಿಗುತ್ತದೆ.

ಐಪಿ ಪ್ಯಾಕೆಟ್ಟಿಗೆ ಟಿಟಿಎಲ್ ಅಂತ ಒಂದು ಆಯಸ್ಸು ಇರುತ್ತದೆ, ರೂಟರ್ ದಾಟಿದ ಹಾಗೆಲ್ಲ ಒಂದೊಂದು ಕಡಿಮೆಯಾಗಿ ಕೊನೆಗೆ ಸಾಯುತ್ತದೆ. ಸ್ವಿಚ್ಚುಗಳ ನಡುವೆ ಓಡಾಡುವ ಈಥರ್ನೆಟ್ ಫ್ರೇಮಿಗೆ ಅದಿಲ್ಲ. ಉಂಗುರದಲ್ಲಿ ಸಿಕ್ಕಿಕೊಂಡ, ಎಲ್ಲರಿಗೂ ಅಂತ ಕಳಿಸಿದ ಒಂದೇ ಒಂದು ಬ್ರಾಡ್‌ಕಾಸ್ಟ್ ಸುತ್ತುತ್ತಲೇ ಇರುತ್ತದೆ, ಜೊತೆಗೆ ಇನ್ನಷ್ಟು ಸೇರಿಕೊಂಡು ಕ್ಷಣದಲ್ಲಿ ಇಡೀ ತೋಟದ ನೆಟ್ ಮಲಗುತ್ತದೆ. ಅದಕ್ಕೇ ರೇಡಿಯಾ ಪರ್ಲ್‌ಮನ್ 1985ರಲ್ಲಿ ಡಿಇಸಿ ಅನ್ನೋ ಕಂಪ್ಯೂಟರ್ ಕಂಪನಿಯಲ್ಲಿದ್ದಾಗ ಈ ಸುತ್ತು ತಪ್ಪಿಸೋ ಸ್ಪ್ಯಾನಿಂಗ್ ಟ್ರೀ ವಿಧಾನ ಕಂಡುಹಿಡಿದರು. ನಿಮ್ಮ ಉಂಗುರದಲ್ಲಿ ಎಲ್ಲೋ ಒಂದು ಪೋರ್ಟನ್ನು ಅದು ಬೇಕಂತಲೇ ಮುಚ್ಚಿಟ್ಟಿದೆ. ಒಂದು ಕಾಲುಸಂಕಕ್ಕೆ ಬೇಲಿ ಹಾಕಿ, ಇನ್ನೊಂದು ಕೊಚ್ಚಿಹೋದರೆ ಮಾತ್ರ ಬೇಲಿ ತೆಗೆಯೋ ಹಾಗೆ.

ಕೊಚ್ಚಿಹೋಗಿದೆ ಅಂತ ಗೊತ್ತಾಗೋದು ಹೇಗೆ? ರೂಟ್ ಅನ್ನಿಸಿಕೊಂಡ ಸ್ವಿಚ್ 2 ಸೆಕೆಂಡಿಗೊಮ್ಮೆ ಹಲೋ ಅನ್ನೋ ಸುದ್ದಿ ಕಳಿಸುತ್ತದೆ. ಅದು ಸ್ವಿಚ್ಚಿನಿಂದ ಸ್ವಿಚ್ಚಿಗೆ ಹೋಗುವಾಗ ಪ್ರತಿಯೊಂದೂ ಅದರ ವಯಸ್ಸಿಗೆ 1 ಸೇರಿಸುತ್ತದೆ. ನಿಜವಾಗಿ ಅಷ್ಟು ಹೊತ್ತು ಆಗಿರೋದೇ ಇಲ್ಲ, ಆದರೂ ಸುಮ್ನೆ ಜಾಸ್ತಿಯೇ ಹೇಳಿಬಿಡುತ್ತದೆ, ಕಡಿಮೆ ಹೇಳಿ ಲೂಪ್ ಆಗೋದಕ್ಕಿಂತ ಅದು ವಾಸಿ ಅಂತ. ವಯಸ್ಸು ಮ್ಯಾಕ್ಸ್ ಏಜ್, ಅಂದರೆ 20 ಮುಟ್ಟಿದರೆ ಆ ಸುದ್ದಿ ಸತ್ತ ಹಾಗೆ.

ಈಗ ಏಳಕ್ಕೆ ಬನ್ನಿ. ಮೂರು ಹಲೋ ದಾರಿಯಲ್ಲೇ ಕಳೆದುಹೋದರೂ ನಾಲ್ಕನೆಯದು ಬರಲಿ ಅಂತ 8 ಸೆಕೆಂಡ್. ಏಳು ಸ್ವಿಚ್ಚಿನ ಸಾಲಿನಲ್ಲಿ ಆರು ಜಿಗಿತ, ಪ್ರತಿ ಜಿಗಿತದಲ್ಲೂ ತಡವಾಗಬಹುದು ಅಂತ ಒಂದೊಂದು ಸೆಕೆಂಡ್, ಅದು 6. ವಯಸ್ಸು ಜಾಸ್ತಿ ಹೇಳಿದ್ದಕ್ಕೆ ಇನ್ನೊಂದು 6. ಕೂಡಿದರೆ 20. ಫಾರ್ವರ್ಡ್ ಡಿಲೇ, ಅಂದರೆ ಮುಚ್ಚಿದ ಪೋರ್ಟ್ ತೆರೆಯುವ ಮುಂಚೆ ಒಂದೊಂದು ಹಂತದಲ್ಲೂ ಕಾಯುವ ಹೊತ್ತು, 15 ಅನ್ನೋದೂ ಇದೇ ಏಳನ್ನು ಇಟ್ಟುಕೊಂಡು ಬಂದದ್ದು. ಹಾಗಾಗಿ ಎಂಟನೇ ಸ್ವಿಚ್ ಹಾಕಿದ ಕೂಡಲೇ ಏನೂ ಸಿಡಿಯೋದಿಲ್ಲ, ಕೈಲಿದ್ದ ಉಳಿತಾಯ ಕರಗುತ್ತಾ ಹೋಗುತ್ತದೆ ಅಷ್ಟೆ.

ನಿಮ್ಮ ಉಂಗುರ ಸರಿಯಿದ್ದಾಗ ರೂಟಿನಿಂದ ತೀರಾ ದೂರದ ಸ್ವಿಚ್ ಏಳು ಜಿಗಿತದಲ್ಲಿದೆ. ನಡುವಿನ ಆರು ಸ್ವಿಚ್ ಒಂದೊಂದು ಸೇರಿಸಿ ಅಲ್ಲಿಗೆ ಬರುವ ಹಲೋ ವಯಸ್ಸು 6, ಉಳಿದದ್ದು 14. ಆಚೆ ಎಲ್ಲೋ ಮರ ಬಿದ್ದರೆ ಆ 14 ಸೆಕೆಂಡ್ ಕಾಯಬೇಕು, ಆಮೇಲೆ ಮುಚ್ಚಿದ ಪೋರ್ಟ್ ಕೇಳಿಸಿಕೊಳ್ಳೋದಕ್ಕೆ 15, ಕಲಿಯೋದಕ್ಕೆ 15. ಒಟ್ಟು 44. ನಿಮ್ಮ ಮುಕ್ಕಾಲು ನಿಮಿಷ ಸಿಕ್ಕಿತಲ್ವಾ? ರೂಟಿನ ಪಕ್ಕದಲ್ಲೇ ತುಂಡಾದರಂತೂ ಉಂಗುರ ಹೋಗಿ 14 ಸ್ವಿಚ್ಚಿನ ಉದ್ದ ಸಾಲಾಗುತ್ತದೆ. ಕೊನೆಯದಕ್ಕೆ ಹಲೋ ತಲುಪುವಾಗ ವಯಸ್ಸು 12. ಉಳಿಯೋದು ಬರೀ 8.

ಮ್ಯಾಕ್ಸ್ ಏಜ್ ಏರಿಸಬಹುದು, 6ರಿಂದ 40ರವರೆಗೆ ಅವಕಾಶ ಇದೆ. 14ಕ್ಕೆ ಮೇಲಿನ ಲೆಕ್ಕ ಹಾಕಿದರೆ 34 ಬರುತ್ತದೆ, ಫಾರ್ವರ್ಡ್ ಡಿಲೇ 25. ಆಗ ಏನಾಯ್ತು ನೋಡಿ: ಕೆಟ್ಟ ಸಂದರ್ಭದಲ್ಲಿ 34 ಪ್ಲಸ್ 25 ಪ್ಲಸ್ 25, ಅಂದರೆ 84 ಸೆಕೆಂಡ್ ಕತ್ತಲೆ. ನೆಟ್‌ವರ್ಕ್ ದೊಡ್ಡದಾಯಿತು, ಕಾಯೋದೂ ದೊಡ್ಡದಾಯಿತು. ಮ್ಯಾಕ್ಸ್ ಏಜ್ ಒಂದನ್ನೇ 40 ಮಾಡಿ ಫಾರ್ವರ್ಡ್ ಡಿಲೇ 15ರಲ್ಲೇ ಬಿಡುವುದಂತೂ ತಪ್ಪು, 40ಕ್ಕೆ ಅದು ಕನಿಷ್ಠ 21 ಇರಲೇಬೇಕು. ಇನ್ನೊಂದು, ಈ ಟೈಮರುಗಳನ್ನು ರೂಟ್ ಸ್ವಿಚ್ಚಿನಲ್ಲಿ ಬದಲಿಸಿದರೆ ಮಾತ್ರ ಉಪಯೋಗ. ಉಳಿದವೆಲ್ಲ ರೂಟ್ ಹೇಳಿದ ಹಾಗೆ ಕೇಳುತ್ತವೆ.

ನಿಮ್ಮ ರೂಟ್ ಯಾವುದು ಅಂತ ನೋಡಿದ್ದೀರಾ? ಯಾರೂ ಏನೂ ಹೇಳದಿದ್ದರೆ ಎಲ್ಲದರ ಪ್ರಯಾರಿಟಿಯೂ 32768, ಆಗ ಮ್ಯಾಕ್ ವಿಳಾಸ ಯಾರದ್ದು ಚಿಕ್ಕದೋ ಅದೇ ರೂಟ್. ಕರೆಂಟು ದಿನಕ್ಕೆ ಹತ್ತು ಸಲ ಹೋಗುವ ಪಂಪ್‌ಹೌಸಿನ ಹಳೇ ಸ್ವಿಚ್ಚೇ ಆಗಿರಬಹುದು. ಪ್ರಯಾರಿಟಿ ಸಂಖ್ಯೆ ಚಿಕ್ಕದಿದ್ದದ್ದೇ ರೂಟ್ ಆಗೋದು, ಹಾಗಾಗಿ ಯುಪಿಎಸ್ ಇರುವ ಮನೆಯದ್ದಕ್ಕೆ 4096 ಕೊಡಿ, ಹೋಂಸ್ಟೇಯದ್ದಕ್ಕೆ 8192.

ನಾನಾಗಿದ್ದರೆ ಟೈಮರ್ ಮುಟ್ಟದೆ 14ರಲ್ಲೂ ಸ್ಪ್ಯಾನಿಂಗ್ ಟ್ರೀಯ ವೇಗದ ರೂಪವಾದ ಆರ್‌ಎಸ್‌ಟಿಪಿ ಹಾಕುತ್ತಿದ್ದೆ. 2001ರಲ್ಲಿ 802.1ಡಬ್ಲ್ಯೂ ಅಂತ ಬಂದದ್ದು. ಅದರಲ್ಲಿ ಪಕ್ಕದ ಸ್ವಿಚ್ಚುಗಳೇ ಮಾತಾಡಿಕೊಂಡು ಪೋರ್ಟ್ ತೆರೆಯುತ್ತವೆ. ವಯಸ್ಸು ಅಲ್ಲಿ ಬರೀ ಜಿಗಿತದ ಎಣಿಕೆ, ನಿಮ್ಮ 13 ಜಿಗಿತ 20ರೊಳಗೆ ಆರಾಮಾಗಿ ಕೂರುತ್ತದೆ. ಒಂದೇ ಎಚ್ಚರಿಕೆ, ನಡುವೆ ಫೈಬರನ್ನು ತಾಮ್ರದ ವೈರಿಗೆ ಸೇರಿಸುವ ಮೀಡಿಯಾ ಕನ್ವರ್ಟರ್ ಡಬ್ಬಿ ಇದ್ದರೆ ಫೈಬರ್ ತುಂಡಾದರೂ ಸ್ವಿಚ್ಚಿನ ಲೈಟು ಉರಿಯುತ್ತಲೇ ಇರಬಹುದು. ಆಗ ಮೂರು ಹಲೋ ತಪ್ಪುವ ತನಕ, 6 ಸೆಕೆಂಡ್ ಹೋಗುತ್ತದೆ. ಫೈಬರನ್ನು ನೇರ ಸ್ವಿಚ್ಚಿನ ಫೈಬರ್ ಕಿಂಡಿಯಾದ ಎಸ್‌ಎಫ್‌ಪಿಗೇ ಕೊಡಿ. ಮಳೆ ಹಿಡಿಯೋ ಮೊದಲು ರೂಟಿನ ಪಕ್ಕದ ವೈರ್ ಕಿತ್ತು ಒಮ್ಮೆ ನೋಡಿಬಿಡಿ.

ಪ್ರಶ್ನೆ: ಸಾಗರದ ನಮ್ಮ ಶಾಲೆಯ ಲ್ಯಾಬಿನಲ್ಲಿ ಪಿಸಿ ಆನ್ ಮಾಡಿದ ಮೇಲೆ ಅರ್ಧ ನಿಮಿಷ ಐಪಿ ಸಿಗಲ್ಲ. ಇದೂ ಅದೇನಾ?

ಉತ್ತರ: ಅದೇ, 15 ಮತ್ತು 15. ಪಿಸಿ ಹಾಕಿದ ಪೋರ್ಟುಗಳನ್ನು ಎಡ್ಜ್ ಪೋರ್ಟ್, ಅಂದರೆ ಕಾಯದೆ ಕೂಡಲೇ ತೆರೆಯುವ ಪೋರ್ಟ್ ಮಾಡಿ, ಕೆಲವು ಕಂಪನಿಯವರು ಪೋರ್ಟ್‌ಫಾಸ್ಟ್ ಅನ್ನುತ್ತಾರೆ. ಸ್ವಿಚ್ಚಿಗೆ ಸ್ವಿಚ್ ಸೇರುವ ಪೋರ್ಟಿಗೆ ಮಾತ್ರ ಇದನ್ನು ಹಾಕಬೇಡಿ.