ಪರ್ತಾಲ್ ನಕ್ಕಳು ಅಂತ ಯಾರು ಹೇಳಿದರು?

ನಮಸ್ಕಾರ.

ಮುದಗಲ್ ಕೋಟೆಯ ಬಗ್ಗೆ ನೀವು ಕಳಿಸಿದ ಲೇಖನ ಬಂತು. ಎರಡು ಸಲ ಓದಿದೆ. ಶ್ರಮಪಟ್ಟಿದ್ದೀರಿ, ಕೈಬರಹ ಚೆನ್ನಾಗಿದೆ, ಇಸವಿಗಳು ಸರಿ ಇವೆ. ಹೊಗಳಿಕೆ ಇಷ್ಟೇ. ಇನ್ನು ಜಗಳಕ್ಕೆ ಬರೋಣ.

ಮೊದಲ ಸಾಲು: "ಕಾಲಗರ್ಭದಲ್ಲಿ ಹುದುಗಿರುವ ಗತವೈಭವಕ್ಕೆ ಮೂಕಸಾಕ್ಷಿಯಾಗಿ ನಿಂತಿದೆ ಮುದಗಲ್ ಕೋಟೆ." ಇದರಲ್ಲಿ ಮುದಗಲ್ ತೆಗೆದು ಬೀದರ್ ಹಾಕಿ. ಚಿತ್ರದುರ್ಗ ಹಾಕಿ. ಸಾಲಿಗೆ ಏನಾದರೂ ಆಯಿತಾ? ಇಲ್ಲ ಅಲ್ವಾ. ಹಾಗಿದ್ದರೆ ಅದು ನಿಮ್ಮೂರಿನ ಸಾಲು ಹೇಗಾಗುತ್ತದೆ?

ನಾನು ಕೆಲಸ ಕಲಿತದ್ದು ಒಂದು ಸಣ್ಣ ವಾರಪತ್ರಿಕೆಯಲ್ಲಿ. ಆಗಿನ್ನೂ ಮೊಳೆ ಜೋಡಿಸಿ ಅಚ್ಚು ಹಾಕುವ ಕಾಲ. ಕೋಟೆಯೊಂದರ ಬಗ್ಗೆ ಮೊದಲ ಲೇಖನ ಬರೆದು, ಬೀಗುತ್ತಾ ಒಳಗೆ ತಗೊಂಡು ಹೋದೆ. ಮೊಳೆ ಜೋಡಿಸುವ ಹಿರಿಯರು ನಾಲ್ಕು ಸಾಲು ಓದಿದರು. ಮೂಲೆಯ ಖಾನೆಯಿಂದ ದಾರ ಸುತ್ತಿಟ್ಟ ಪುಟ್ಟ ಕಟ್ಟೊಂದನ್ನು ತೆಗೆದು ಮುಂದಿಟ್ಟರು. ಸೀಸದ ಅಕ್ಷರ ತಿರುವುಮುರುವು ಇರುತ್ತವಲ್ಲ, ಓದಲು ತುಸು ಹೊತ್ತು ಹಿಡಿಯಿತು. 'ಗತವೈಭವ' ಅಂತಿತ್ತು. "ವಾರಾ ವಾರಾ ಬರ್ತೈತಿ ನೋಡವ್ವಾ, ಅದಕ್ಕ ಬಿಚ್ಚೋದ ಬಿಟ್ಟೀನಿ" ಅಂದರು. ಬೈದಿದ್ದರೆ ಮರೆತುಬಿಡುತ್ತಿದ್ದೆನೇನೋ. ಈಗಲೂ ಆ ಪದ ಕಂಡರೆ ಬೆರಳಿಗೆ ಮಸಿ ಹತ್ತಿದ ಹಾಗಾಗುತ್ತದೆ.

ನಿಮ್ಮ ಮೊದಲ ಸಾಲನ್ನು ಹೇಗೋ ನುಂಗಿಕೊಂಡೆ. ಪರ್ತಾಲಳ ಪುಟಕ್ಕೆ ಬಂದಾಗ ಮಾತ್ರ ಸಿಟ್ಟೇ ಬಂತು.

"ಅಕ್ಕಸಾಲಿಗನ ಮಗಳು ಪರ್ತಾಲಳ ಚೆಲುವಿಗಾಗಿ ಎರಡು ಸಾಮ್ರಾಜ್ಯಗಳು ರಕ್ತದ ಹೊಳೆ ಹರಿಸಿದವು" ಎಂದಿದ್ದೀರಿ. ಪಕ್ಕದಲ್ಲೇ ನಿಂತು ನೋಡಿದವರ ಹಾಗೆ! ವಿಜಯನಗರದ ಒಂದನೇ ದೇವರಾಯನಿಗೂ ಬಹಮನಿ ಸುಲ್ತಾನ ಫಿರೋಜ್ ಶಾಹನಿಗೂ ಯುದ್ಧ ಆದದ್ದು 1406ರಲ್ಲಿ. ಪರ್ತಾಲಳ ಕಥೆ ಹೇಳುವವನು ಇತಿಹಾಸಕಾರ ಫೆರಿಷ್ಟಾ. ಅವನು ಬಿಜಾಪುರದ ಆದಿಲ್‌ಶಾಹಿಗಳ ಆಶ್ರಯದಲ್ಲಿ ಕೂತು ಬರೆದದ್ದು ಸುಮಾರು ಇನ್ನೂರು ವರ್ಷ ಕಳೆದ ಮೇಲೆ. ಕಥೆ ಬಿಡಿ ಅಂತ ನಾನು ಹೇಳುತ್ತಿಲ್ಲ. "ಫೆರಿಷ್ಟಾ ಹೇಳುವಂತೆ" ಅಂತ ಎರಡು ಪದ ಸೇರಿಸಲು ಏನು ಖರ್ಚು?

ಇನ್ನು "ಚೆಲುವಿಗಾಗಿ". 1366ರಲ್ಲೇ ಬುಕ್ಕರಾಯ ಮುದಗಲ್ ಮೇಲೆ ಬಿದ್ದಿದ್ದ. ಆಗ ಪರ್ತಾಲ್ ಎಲ್ಲಿದ್ದಳು? ಕೃಷ್ಣೆಗೂ ತುಂಗಭದ್ರೆಗೂ ನಡುವಿನ ಎಡೆದೊರೆ ನಾಡು ಯಾರದು ಅನ್ನುವುದೇ ಜಗಳ. ಹೊಲದ ಬದುವಿನ ತಕರಾರು ಇದ್ದ ಹಾಗೆ, ಅಪ್ಪನಿಂದ ಮಗನಿಗೆ, ಮಗನಿಂದ ಮೊಮ್ಮಗನಿಗೆ. 1520ರಲ್ಲಿ ಕೃಷ್ಣದೇವರಾಯ ರಾಯಚೂರು ಗೆದ್ದರೂ ಮುಗಿಯಲಿಲ್ಲ. ಗಡಿ ಒಮ್ಮೆ ನಿಮ್ಮೂರಿನ ಆಚೆ, ಒಮ್ಮೆ ಈಚೆ. ಅಂಥ ಊರಲ್ಲಿ ಬಾಳುವುದು ಹೇಗಿತ್ತು ಅಂತ ನಿಮ್ಮ ಹನ್ನೊಂದು ಪುಟದಲ್ಲಿ ಒಂದು ಸಾಲೂ ಇಲ್ಲ.

ಮುಂದಿನ ಸಾಲು: "ರಾಯನು ಕಳಿಸಿದ ಚಿನ್ನದ ಸರವನ್ನು ಕಂಡು ಪರ್ತಾಲ್ ನಾಚಿ ಹೂವಿನಂತೆ ನಕ್ಕಳು."

ಯಾರು ಹೇಳಿದರು ನಿಮಗೆ? ಫೆರಿಷ್ಟಾನ ಕಥೆಯಲ್ಲಿ ನಗುವೇ ಇಲ್ಲ. ಹೆತ್ತವರು ಹಿಗ್ಗುತ್ತಾರೆ. ಸರ ಕೊರಳಿಗೆ ಹಾಕಲು ಬರುತ್ತಾರೆ. ಅವಳು ಥಟ್ಟನೆ ಕೊರಳು ಹಿಂದಕ್ಕೆ ಎಳೆದುಕೊಳ್ಳುತ್ತಾಳೆ. ದೇವರಾಯನ ಅಂತಃಪುರ ಸೇರಿದವರು ಮತ್ತೆ ಹೆತ್ತವರ ಮುಖ ನೋಡುವ ಹಾಗಿಲ್ಲ, ಒಲ್ಲೆ ಅನ್ನುತ್ತಾಳೆ. ಆ ಸರ ಬಿದ್ದರೆ ಮದುವೆ ಗಟ್ಟಿ ಅಂತ ಅವಳಿಗೆ ಗೊತ್ತು. ಇಡೀ ಕಥೆಯಲ್ಲಿ ಜೀವ ಇರುವುದು ಆ ಕೊರಳಿನ ಒಂದು ಚಲನೆಯಲ್ಲಿ. ಅದನ್ನು ಅಳಿಸಿ ನೀವು ಕ್ಯಾಲೆಂಡರಿನ ಹುಡುಗಿಯನ್ನು ಕೂರಿಸಿದ್ದೀರಿ. ಅಲ್ಲ, ಅಕ್ಕಸಾಲಿಗನ ಮಗಳು ಅಂತ ನೀವೇ ಬರೆದಿದ್ದೀರಿ. ಅವಳಿಗೆ ಚಿನ್ನ ಹೊಸದಾ?

ಉಳಿದ ಪುಟಗಳ ಬಗ್ಗೆ ಈಗ ಬೇಡ.

ಲೇಖನದ ಜೊತೆ ಒಂದು ಚೀಟಿ ಇಟ್ಟಿದ್ದಿರಿ: "ಮೇಡಂ, ಫೋಟೊ ಸರಿ ಬಂದಿಲ್ಲ. ಫತೇಹ್ ದರ್ವಾಜಾದಲ್ಲಿ ಎಮ್ಮೆ ಅಡ್ಡ ನಿಂತಿತ್ತು. ಹಿಂದೆ ಹುಡುಗರು ಮೊಹರಂಗೆ ಹೆಜ್ಜೆ ಕಲಿಯುತ್ತಿದ್ದರು, ಜಾಗ ಬಿಡಲಿಲ್ಲ." ಇದನ್ನು ಓದಿ ನಾನು ಎದ್ದು ಕೂತೆ. ಹಿಂದೂಗಳೂ ಮುಸ್ಲಿಮರೂ ಸೇರಿ ಮೊಹರಂ ಮಾಡುವ ಊರು ನಿಮ್ಮದು, ಸುತ್ತಲಿನ ಹಳ್ಳಿಯವರೆಲ್ಲ ಬರುತ್ತಾರೆ. ಆ ಹುಡುಗರು ಯಾರ ಮನೆಯವರು? ಯಾರು ಕಲಿಸುತ್ತಾರೆ? ಎಮ್ಮೆ ದಿನಾ ಆ ಬಾಗಿಲಲ್ಲೇ ದಾಟುತ್ತದಾ? ಅದನ್ನು ಹಾಕಿಕೊಂಡು ಹೊಸದಾಗಿ ಬರೆಯಿರಿ. ಆರು ಪುಟ ಸಾಕು. ಪರ್ತಾಲಳಿಗೆ ಅರ್ಧ ಪುಟ, ನಗಿಸದೆ.

ಫೋಟೊ ಬೇರೆ ತೆಗೆಯಬೇಡಿ. ಎಮ್ಮೆ ಇರುವುದನ್ನೇ ಕಳಿಸಿ.