ಬೆಂಕಿಯ ಬಾಂಬುಗಳಿಗೆ ನಿಷೇಧವಿಲ್ಲವೇ?

ಪ್ರಶ್ನೆ: ಯುದ್ಧದಲ್ಲಿ ಬಳಸುವ ನೇಪಾಮ್, ಬಿಳಿ ರಂಜಕದಂತಹ ದಹನಕಾರಿ ಅಸ್ತ್ರಗಳು ಇತರ ಬಾಂಬುಗಳಿಗಿಂತ ಏಕೆ ಹೆಚ್ಚು ಭೀಕರ? ಅವುಗಳನ್ನು ನಿಷೇಧಿಸಿಲ್ಲವೇ?

ಉತ್ತರ: ಸಿಡಿಯುವ ಬಾಂಬಿನ ಹಾನಿ ಬಹುಮಟ್ಟಿಗೆ ಸ್ಫೋಟದ ಕ್ಷಣದಲ್ಲೇ ಮುಗಿಯುತ್ತದೆ, ಬೆಂಕಿಯ ಹಾನಿ ಆಗಷ್ಟೇ ಆರಂಭವಾಗುತ್ತದೆ. 1942ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ನೇಪಾಮ್, ಪೆಟ್ರೋಲನ್ನು ಅಂಟಿನಂತೆ ಗಟ್ಟಿಯಾಗಿಸುವ ವಸ್ತುವಾದ್ದರಿಂದ, ಆ ಮಿಶ್ರಣ ತಾಗಿದ ಗೋಡೆಗೂ ಮೈಗೂ ಅಂಟಿಕೊಂಡೇ ಉರಿಯುತ್ತದೆ. 1945ರ ಮಾರ್ಚ್ 9ರ ರಾತ್ರಿ ಅಮೆರಿಕದ ವಿಮಾನಗಳು, ಮರದ ಮನೆಗಳು ಒತ್ತೊತ್ತಾಗಿ ತುಂಬಿದ್ದ ಟೋಕಿಯೊ ನಗರದ ಮೇಲೆ ಇಂತಹ ಬಾಂಬುಗಳನ್ನು ಸುರಿಸಿದಾಗ, ಬಲವಾದ ಗಾಳಿಯೂ ಸೇರಿ ಬೆಂಕಿ ಬೀದಿಯಿಂದ ಬೀದಿಗೆ ಹಬ್ಬಿತು. ಸುಮಾರು 41 ಚದರ ಕಿಲೋಮೀಟರ್ ಪ್ರದೇಶ ಬೂದಿಯಾಯಿತು, ಅಂದಾಜು ಒಂದು ಲಕ್ಷ ಜನ ಸತ್ತರು. ಜೀವ ಉಳಿಸಿಕೊಳ್ಳಲು ಕಾಲುವೆಗಳಿಗೆ ಇಳಿದವರಲ್ಲಿಯೂ ಅನೇಕರು ಬದುಕಲಿಲ್ಲ.

ಬಿಳಿ ರಂಜಕವು ಸುಮಾರು 30 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಗಾಳಿ ತಾಗಿದ ಮಾತ್ರಕ್ಕೆ ಹೊತ್ತಿಕೊಳ್ಳುತ್ತದೆ. ಗಾಯದೊಳಗೆ ಉಳಿದ ಚೂರು, ವೈದ್ಯರು ಪಟ್ಟಿ ಬಿಚ್ಚಿದಾಗ ಮತ್ತೆ ಉರಿಯಬಹುದು. ರಕ್ತಕ್ಕೆ ಸೇರಿದರೆ ಯಕೃತ್ತು, ಮೂತ್ರಪಿಂಡಗಳೂ ಕೆಡಬಹುದು.

ಪೂರ್ಣ ನಿಷೇಧ ಇಲ್ಲ. 1980ರ ಅಂತಾರಾಷ್ಟ್ರೀಯ ಒಪ್ಪಂದವೊಂದರ ಮೂರನೆಯ ಪ್ರೋಟೋಕಾಲ್, ಜನವಸತಿಯ ನಡುವೆ ಇರುವ ಸೇನಾ ಗುರಿಗಳ ಮೇಲೆ ವಿಮಾನಗಳಿಂದ ದಹನಕಾರಿ ಅಸ್ತ್ರ ಹಾಕುವುದನ್ನು ನಿಷೇಧಿಸುತ್ತದೆ. ನೆಲದಿಂದ ಹಾರಿಸುವವುಗಳಿಗೆ ನಿಯಮ ಸಡಿಲವಾಗಿದೆ. ಹೊಗೆ ಎಬ್ಬಿಸಲು ಅಥವಾ ಬೆಳಕು ಚೆಲ್ಲಲು ತಯಾರಿಸಿದ, ಸುಡುವುದು ಕೇವಲ ಆನುಷಂಗಿಕ ಪರಿಣಾಮವಾಗಿರುವ ಗುಂಡುಗಳಂತೂ ವ್ಯಾಖ್ಯೆಯಿಂದಲೇ ಹೊರಗುಳಿದಿವೆ, ಬಿಳಿ ರಂಜಕದ ಬಳಕೆಯನ್ನು ಸೇನೆಗಳು ಸಮರ್ಥಿಸಿಕೊಳ್ಳುವುದು ಈ ದಾರಿಯಿಂದಲೇ. ಅಸ್ತ್ರವನ್ನು ಯಾವ ಉದ್ದೇಶಕ್ಕೆ ತಯಾರಿಸಲಾಗಿದೆ ಎಂಬುದರ ಬದಲು ಅದು ಮನುಷ್ಯನ ಮೈಗೆ ಏನು ಮಾಡುತ್ತದೆ ಎಂಬುದನ್ನೇ ಅಳತೆಗೋಲಾಗಿ ಇಟ್ಟುಕೊಂಡು ಈ ವ್ಯಾಖ್ಯೆಯನ್ನು ತಿದ್ದಬೇಕೆಂಬುದು ನನ್ನ ಸ್ಪಷ್ಟ ಅಭಿಪ್ರಾಯ.